ಹೆಚ್ಚಾದ ಆಮೆ, ಕಡಿಮೆ ಬಿದ್ದ ಇಡ್ಲಿ

ಆಮೆ ಜೋಳದ ರೊಟ್ಟಿಯನ್ನು ಮೂಸಿ ನೋಡಿ ಮುಖ ತಿರುಗಿಸಿತು.

"ವಿಜಾಪುರದ ರೊಟ್ಟಿಗೆ ಮುಖ ತಿರುವಿದ್ದು ನೀನೇ ಮೊದಲು ನೋಡಪ್ಪ," ಎಂದಳು ದಾನವ್ವ. ನೆಲಕ್ಕೆ ಕೈಯೂರಿ ಕೂತಿದ್ದ ಆಕೆಯ ಮೊಣಕಾಲು ನೋಯುತ್ತಿತ್ತು. ಆದರೂ ಏಳಲಿಲ್ಲ.

ದಾನವ್ವ ಮುಂಬಯಿ ಪೊಲೀಸಿನಲ್ಲಿ ಹವಾಲ್ದಾರಳಾಗಿದ್ದು ನಿವೃತ್ತಳಾದವಳು. ಈಗ ದಹಿಸರ್‌ನ ಒಂದು ಬಿಲ್ಡಿಂಗಿನಲ್ಲಿ ಒಬ್ಬಳೇ ಇದ್ದುಕೊಂಡು, ಮದುವೆಗೆ ಮುಂಚೆ ಹುಡುಗರ ನಡತೆ ವಿಚಾರಿಸಿ ಹೇಳುವ ಕೆಲಸ ಮಾಡುತ್ತಾಳೆ. ಆಮೆಯ ನಡತೆ ವಿಚಾರಿಸಲು ಬಂದದ್ದು ಇದೇ ಮೊದಲು.

ಕೆಳಗಿನ ಮಹಡಿಯ ಸೌಮ್ಯಾ ಟೀಚರ್ ಹಿಂದಿನ ದಿನ ಅಳುತ್ತಾ ಬಂದು ಬಾಗಿಲು ತಟ್ಟಿದ್ದಳು. ಹತ್ತು ದಿನದ ಹಿಂದೆ ಅವಳು ಶಾಲೆಯ ಮಕ್ಕಳನ್ನು ಕಾಡಿನಂಚಿನ ಈ ಆಮೆಧಾಮಕ್ಕೆ ಕರೆತಂದು ತೋರಿಸಿಕೊಂಡು ಹೋದ ದಿನ, ಇಲ್ಲಿ ಒಂದು ಆಮೆ ಕಡಿಮೆಯಾಗಿರಲಿಲ್ಲ. ಒಂದು ಹೆಚ್ಚಾಗಿತ್ತು.

"ಹೆಚ್ಚಾದ್ರ ಒಳ್ಳೇದಲ್ಲೇನು?" ಎಂದು ದಾನವ್ವ ಕೇಳಿದ್ದಳು. ಈಗ ಒಳಗೆ ಕಾಲಿಟ್ಟ ಮೇಲೆ ಒಳ್ಳೆಯದಲ್ಲ ಎಂದು ಅರ್ಥವಾಗಿತ್ತು.

ಇದು ನಮ್ಮದೇ ನೆಲದ ನಕ್ಷತ್ರ ಆಮೆಗಳ ತಾಣ. ಕಳ್ಳಪೇಟೆಯಲ್ಲಿ ಸಿಕ್ಕಿಬಿದ್ದ ಆಮೆಗಳನ್ನು ಇಲ್ಲಿ ಇಟ್ಟುಕೊಂಡು, ತಯಾರು ಮಾಡಿ, ಅವುಗಳ ಮೂಲ ಕುರುಚಲು ಕಾಡಿಗೆ ಬಿಡುತ್ತಾರೆ. ತಯಾರು ಮಾಡುವುದೆಂದರೆ ಮನುಷ್ಯರನ್ನು ಮರೆಸುವುದು. ಯಾರೂ ಅವುಗಳ ಮುಂದೆ ಮಾತಾಡುವಂತಿಲ್ಲ. ಕೈಯಿಂದ ತಿನ್ನಿಸುವಂತಿಲ್ಲ. ಸೊಪ್ಪು ಹಾಕುವವರೂ ಗೋಡೆಯ ಮರೆಯಿಂದಲೇ ಎಸೆದು ಹೋಗಬೇಕು. ತಿಂಗಳುಗಟ್ಟಲೆ ಹೀಗೆ ಬಿಟ್ಟರೆ, ಕಾಲ ಸದ್ದು ಕೇಳಿದ ಕೂಡಲೇ ತಲೆ ಒಳಗೆಳೆದುಕೊಳ್ಳುವುದನ್ನು ಅವು ಮತ್ತೆ ಕಲಿಯುತ್ತವೆ.

"ಅಷ್ಟು ಕಲಿತರೆ ಪಾಸು," ಎಂದಿದ್ದಳು ಇಲ್ಲಿಯ ಪಶುವೈದ್ಯೆ ಮಾಧುರಿ. ಅವಳಿಗೆ ಕನ್ನಡ ಬಾರದು. ಮಾತೆಲ್ಲ ಮರಾಠಿಯಲ್ಲೇ ನಡೆದಿತ್ತು.

ದಾನವ್ವನಿಗೆ ತನ್ನ ಬಿಲ್ಡಿಂಗು ನೆನಪಾಗಿತ್ತು. ಅಲ್ಲಿ ಯಾರೂ ಕಲಿಸದಿದ್ದರೂ ಎಲ್ಲರೂ ಪಾಸಾಗಿದ್ದರು.

ಬೇರೆ ಶೆಡ್ಡಿನಲ್ಲಿ ಒಂಟಿಯಾಗಿ ಇಟ್ಟಿದ್ದ ಈ ಒಂದು ಆಮೆ ಮಾತ್ರ ಏನನ್ನೂ ಮರೆತಿರಲಿಲ್ಲ. ದಾನವ್ವ ಊಟದ ಸ್ಟೀಲ್ ಡಬ್ಬಿಯನ್ನು ನೆಲಕ್ಕಿಟ್ಟ ಸದ್ದಿಗೆ ಅದು ಮೂಲೆಯಿಂದ ಹೊರಟು, ನೇರವಾಗಿ ಅವಳ ಚಪ್ಪಲಿಯ ಬಳಿ ಬಂದು ನಿಂತು, ಕತ್ತು ಉದ್ದ ಮಾಡಿ ಕಾದಿತ್ತು.

"ಮಾವಶಿ, ಬಂದಾಗಿನಿಂದ ಇದು ಸೊಪ್ಪು ಮುಟ್ಟಿಲ್ಲ," ಎಂದಳು ಮಾಧುರಿ. "ಹೀಗೇ ಬರುತ್ತದೆ, ನೋಡುತ್ತದೆ, ವಾಪಸು ಹೋಗುತ್ತದೆ."

"ನಿನ್ನ ಡಬ್ಬಿಯಲ್ಲಿ ಏನಿದೆ?"

ಮಾಧುರಿ ನಾಚಿಕೊಂಡಳು. "ಸ್ಟೇಷನ್ ಹತ್ತಿರದ ಇಡ್ಲಿ."

"ಒಂದು ಚೂರು ಇಡು."

"ಅಕ್ಕಿಯ ಪದಾರ್ಥ ಇವಕ್ಕೆ ಆಗದು. ಚಿಪ್ಪು ನೋಡಿ, ಗುಡ್ಡ ಗುಡ್ಡ ಎದ್ದಿದೆ. ವರ್ಷಗಟ್ಟಲೆ ಇಂಥದ್ದೇ ತಿಂದದ್ದರ ಗುರುತು ಅದು."

"ಹಾಗಾದರೆ ಇನ್ನೊಂದು ಚೂರಿಗೆ ಸಾಯುವುದಿಲ್ಲ. ಇಡು."

ಆಮೆ ಇಡ್ಲಿಯನ್ನು ತಿಂದಿತು. ತಿಂದು, ಇನ್ನಷ್ಟಕ್ಕೆ ಕಾದಿತು. ಸಾಂಬಾರು ಕೇಳುವುದೊಂದು ಬಾಕಿ.

ದಾನವ್ವ ಎದ್ದು ಸೆರಗು ಕೊಡವಿಕೊಂಡಳು. ಶೆಡ್ಡಿನ ಬಾಗಿಲ ಹೊರಗೆ, ಮುತ್ತುಗದ ಮರದ ಕೆಳಗೆ ಸೌಮ್ಯಾ ಕೂತಿದ್ದಳು. ಧಾರವಾಡದ ಹುಡುಗಿ. ತಂದೆ ತಾಯಿ ಇಬ್ಬರೂ ಇಲ್ಲ. ಖಾಸಗಿ ಶಾಲೆಯಲ್ಲಿ ವರ್ಷವರ್ಷಕ್ಕೆ ಮುಂದುವರಿಸುವ ನೌಕರಿ. ಹೆಚ್ಚಾದ ಆಮೆ ಜೊತೆಗೆ ಮೂಗು ಸೋರುವ ರೋಗವನ್ನೂ ತಂದಿತ್ತು. ಎರಡು ಆಮೆ ಸತ್ತಿದ್ದವು. ಉಳಿದವನ್ನು ಈ ವರ್ಷ ಕಾಡಿಗೆ ಬಿಡುವುದು ರದ್ದಾಗಿತ್ತು. ಶಾಲೆಯವರು ತಮ್ಮ ತಲೆ ಉಳಿಸಿಕೊಳ್ಳಲು, ಗೇಟಿನಲ್ಲಿ ತಪಾಸಣೆಯಾಗದೆ ಒಳಗೆ ಹೋದದ್ದು ಸೌಮ್ಯಾ ಟೀಚರಳ ಔಷಧಿ ಚೀಲ ಒಂದೇ ಎಂದು ಹೇಳಿ ಕೈ ತೊಳೆದುಕೊಂಡಿದ್ದರು. ಸಂಜೆ ಐದಕ್ಕೆ ಅರಣ್ಯ ಇಲಾಖೆಯ ಜೀಪು ಬರುತ್ತದೆ. ಅಷ್ಟರೊಳಗೆ ತಂದವರು ಯಾರೆಂದು ಗೊತ್ತಾಗದಿದ್ದರೆ ದೂರಿನಲ್ಲಿ ಬೀಳುವುದು ಅವಳ ಹೆಸರು. ಆಮೇಲೆ ನೌಕರಿ ಹೋಗುತ್ತದೆ. ಜೈಲೂ ಆಗಬಹುದು.

"ಸೌಮ್ಯಾ, ಆ ದಿನ ಮಕ್ಕಳಿಗೆ ಊಟ ಏನಿತ್ತು?"

"ಇಡ್ಲಿ ರಿ, ಕಾಕೂ. ನಮ್ಮ ಕ್ಲಾಸಿನ ಯಕ್ಷಿತಾ ಇದ್ದಾಳಲ್ಲ, ಅವಳ ಅಪ್ಪ ಸುಕೇಶ್ ಅವರದು ಫೋರ್ಟ್‌ನಲ್ಲಿ ಉಡುಪಿ ಹೋಟೆಲು. ಮನೆ ಇಲ್ಲೇ ದಹಿಸರ್‌ನಲ್ಲಿ. ಅವರೇ ಎರಡು ದೊಡ್ಡ ಡಬ್ಬಿ ತುಂಬಿಸಿಕೊಂಡು ನಮ್ಮ ಬಸ್ಸಿನಲ್ಲೇ ಬಂದ್ರು."

"ಹೊಟ್ಟಿ ತುಂಬ ಉಂಡ್ವೇನು ಮಕ್ಕಳು?"

ಸೌಮ್ಯಾ ಯೋಚಿಸಿದಳು. "ಇಲ್ಲ ರಿ. ಕಡಿಮೆ ಬಿತ್ತು. ಕೊನೇ ಸಾಲಿನ ಹುಡುಗರಿಗೆ ಒಂದೊಂದೇ ಬಂತು. ನಾನು ನಂದು ಕೊಟ್ಟೆ."

"ಕಡಿಮಿ ಬಿತ್ತು?"

"ಹೌದು ರಿ. ಮತ್ತೆ ಒಂದು ಡಬ್ಬಿದು ಬಿಸಿ ಇತ್ತು, ಇನ್ನೊಂದರದು ಪೂರಾ ಆರಿತ್ತು."

ದಾನವ್ವ ನಕ್ಕುಬಿಟ್ಟಳು. ಇಷ್ಟು ಹೊತ್ತಿನಲ್ಲಿ ಮೊದಲ ಸಲ.

"ನಾ ಡ್ಯೂಟಿ ಮಾಡೂವಾಗ ಮೂವತ್ತು ವರ್ಷ ಆ ಉಡುಪಿ ಮಂದಿ ಹೋಟೆಲಿನ್ಯಾಗ ಉಂಡೀನಿ. ಇಪ್ಪತ್ತು ಮಂದಿಗೆ ಅಂತ ಹೇಳಿದ್ರ ಮೂವತ್ತು ಮಂದಿಗೆ ಕಳಸ್ತಾರ. ಊಟ ಕಡಿಮಿ ಬಿತ್ತು ಅಂದ್ರ ಅವರಿಗೆ ಮರ್ಯಾದಿ ಹೋದಂಗ. ಅದೂ ಸ್ವಂತ ಮಗಳ ಕ್ಲಾಸಿಗೆ ಆರಿದ ಇಡ್ಲಿ ತರ್ತಾನ? ಡಬ್ಬಿಯೊಳಗ ಜಾಗಾ ಇರಲಿಲ್ಲವ್ವ. ಕೆಳಗ ಬ್ಯಾರೆ ಒಂದು ಕೂತಿತ್ತು. ಅದರ ಮ್ಯಾಲೆ ತಟ್ಟಿ, ತಟ್ಟಿ ಮ್ಯಾಲೆ ಇಡ್ಲಿ. ಗೇಟಿನ್ಯಾಗ ಮುಚ್ಚಳ ತಗದು ನೋಡಿದವರಿಗೆ ಇಡ್ಲಿನ ಕಂಡಾವು. ಬಿಸಿ ಇಡ್ಲಿ ಇಟ್ರ ಕೆಳಗಿದ್ದದ್ದು ಬೇಯ್ತಿತ್ತು."

ಸೌಮ್ಯಾ ಎದ್ದು ನಿಂತಳು. "ಸುಕೇಶ್ ಅವರಾ? ಪಾಪ, ಒಳ್ಳೆಯವರು ರಿ."

"ಒಳ್ಳ್ಯಾವನ ಇರಬೇಕು. ಕೆಟ್ಟಾವ ಆಗಿದ್ರ ಮಾರಿಕೋತಿದ್ದ. ನಂಬರ್ ಕೊಡು."

ಫೋನಿನಲ್ಲಿ ದಾನವ್ವ ಸುತ್ತಿ ಬಳಸಿ ಮಾತಾಡಲಿಲ್ಲ. "ಸುಕೇಶ್ ಅವರ, ಆಮಿಧಾಮದಿಂದ ಮಾತಾಡ್ತೀನಿ. ಆಮಿ ಏನೂ ತಿನ್ನವಲ್ಲದು. ಹಿಂಗಾದ್ರ ಸಾಯ್ತೈತಿ."

ಯಾವ ಆಮೆ ಎಂದು ಅವನು ಕೇಳಲಿಲ್ಲ. "ಇನ್ನೂ ಉಂಟಾ ಅದು?" ಎಂದ.

*

ಮಗಳಿಗೆ ಜ್ವರವೆಂದು ಅವನು ಆ ದಿನ ಮನೆಯಲ್ಲೇ ಇದ್ದ. ರಿಕ್ಷಾ ಹಿಡಿದು ಬೇಗ ಬಂದ. ನಲವತ್ತೈದರ ಆಸುಪಾಸಿನ, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮನುಷ್ಯ. ಕೈಯಲ್ಲಿ ಒಂದು ಪೊಟ್ಟಣ. ಬರುವಾಗಲೇ ನಗು ತಂದುಕೊಂಡಿದ್ದ.

"ನಮಸ್ಕಾರ ಅಕ್ಕ. ಎಂತ ಆಮೆ? ನನಗೆಂತ ಗೊತ್ತುಂಟು ಆಮೆ ಬಗ್ಗೆ?"

"ಪೊಟ್ಟಣದಾಗ ಏನೈತ್ರಿ?"

ಅವನು ಅದನ್ನು ಬೆನ್ನ ಹಿಂದೆ ಹಿಡಿದ. "ಏನಿಲ್ಲ."

"ಇಡ್ಲಿ ವಾಸನಿ ಬರಾಕತ್ತೈತಿ."

"ನೀವು ಪೊಲೀಸಾ?"

"ಆಗಿದ್ದೆ. ಈಗ ಪೆನ್ಶನ್ ಮ್ಯಾಲೆ ಅದೀನಿ. ಕೂಡ್ರಿ. ಹೆದರಬ್ಯಾಡ್ರಿ, ನಿಮ್ಮನ್ನ ಹೊಡಿಯಾಕ ನನ್ನ ಕೈಯಾಗ ಲಾಠಿ ಇಲ್ಲ, ಮೊಣಕಾಲಿನ್ಯಾಗ ಶಕ್ತಿನೂ ಇಲ್ಲ."

ಅವನು ಕೂರಲಿಲ್ಲ. ಶೆಡ್ಡಿನ ನೆಲದ ಮೇಲೆ ಆಮೆ ತಲೆ ಹೊರಗಿಟ್ಟುಕೊಂಡು ನಿಂತಿತ್ತು. ಸುಕೇಶ್ ಅದನ್ನು ನೋಡಿದ. ಅದು ಅವನನ್ನು ನೋಡಿತು. ಆಮೇಲೆ ಅವನ ಕಾಲ ಪಕ್ಕದಲ್ಲೇ ಹಾದು ದಾನವ್ವನ ಡಬ್ಬಿಯ ಕಡೆಗೆ ಹೋಯಿತು.

"ನೋಡಿ, ನನ್ನ ಪರಿಚಯವೇ ಇಲ್ಲ ಅದಕ್ಕೆ," ಎಂದ ಸುಕೇಶ್. ಹೇಳಿಬಿಟ್ಟ ಮೇಲೆ ಅವನ ದನಿಯಲ್ಲಿ ಗೆಲುವಿರಲಿಲ್ಲ. ನೋವಿತ್ತು.

"ಪರಿಚಯ ಐತಿ. ನಿಮ್ಮ ಮ್ಯಾಲೆ ಪ್ರೀತಿ ಇಲ್ಲ, ಅಷ್ಟ," ಎಂದಳು ದಾನವ್ವ. "ಸುಕೇಶ್ ಅವರ, ಮಕ್ಕಳಿಗೆ ಇಡ್ಲಿ ಯಾಕ ಕಡಿಮಿ ಬಿತ್ತು?"

ಎದುರಿಗಿದ್ದವಳು ಪೊಲೀಸಿನವಳೆಂದು ತಿಳಿದೂ ಅಲುಗದ ಮನುಷ್ಯ ಈ ಪ್ರಶ್ನೆಗೆ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಯಿತು.

"ಅದೊಂದು ಕೇಳಬೇಡಿ ಮಾರಾಯ್ರೆ. ಆ ಮಕ್ಕಳು ಖಾಲಿ ತಟ್ಟೆ ಹಿಡಿದು ನಿಂತದ್ದು ನೋಡಲಿಕ್ಕಾಗದೆ ನಾನು ನಳ್ಳಿ ಹತ್ತಿರ ಹೋಗಿ ನಿಂತಿದ್ದೆ. ನಮ್ಮ ತಂದೆ ಇದ್ದಿದ್ದರೆ ನನ್ನ ಕೆನ್ನೆಗೆ ಬಾರಿಸ್ತಿದ್ರು."

"ಯಾರ ಆಮಿ ಅದು?"

"ದೂಜನದ್ದು."

ಹೆಸರು ಹೇಳಿದ ಮೇಲೆ ಅವನು ತಾನಾಗಿಯೇ ಸ್ಟೂಲಿನ ಮೇಲೆ ಕುಸಿದ. ಮಾತು ತಾನೇ ಬಂತು.

ದೂಜ ಅವರ ಹೋಟೆಲಿನ ಅಡುಗೆಯವನು. ಸುಕೇಶನ ತಂದೆಯ ಕಾಲದಲ್ಲಿ ಊರಿನಿಂದ ಬಂದವನು, ಮತ್ತೆ ಊರಿಗೆ ಹೋಗಲಿಲ್ಲ. ಮದುವೆಯಿಲ್ಲ, ತನ್ನವರೆಂದು ಯಾರೂ ಇಲ್ಲ. ಅಡುಗೆ ಮನೆಯ ಮೇಲಿನ ಅಟ್ಟದಲ್ಲಿ ಅವನ ವಾಸ. ಒಂದು ಸಲ ಯಾರೋ ಗಿರಾಕಿ, ಅದೃಷ್ಟ ಬರುತ್ತದೆಂದು ಕೊಂಡುತಂದ ಮರಿಯನ್ನು ಮೇಜಿನ ಕೆಳಗೆ ಬಿಟ್ಟು ಹೋಗಿದ್ದ. ದೂಜ ಸಾಕಿಕೊಂಡ.

"ನನ್ನನ್ನು ಸುಕೇಶ ಅಂತ ಕರೀತಿದ್ದ. ಇದನ್ನು ಧಣಿ ಅಂತಿದ್ದ," ಎಂದ ಸುಕೇಶ್. "ಸಂಬಳ ಕೊಡುವವ ನಾನು, ಧಣಿ ಇದು!"

ದಾನವ್ವ ನಗಲಿಲ್ಲ.

"ಭಾನುವಾರ ಫೋರ್ಟ್ ನೋಡಿದ್ದೀರಾ ಅಕ್ಕ? ಆಫೀಸು ಬಂದ್, ಕೋರ್ಟು ಬಂದ್, ಹೋಟೆಲು ಬಂದ್. ಕಾಗೆ ಬಿಟ್ರೆ ಯಾರೂ ಇಲ್ಲ. ನಾವೆಲ್ಲ ಮನೆಗೆ ಬರ್ತೇವೆ. ಅವ ಅಲ್ಲೇ. ಒಂದು ಭಾನುವಾರ ನಾನು ಮರೆತ ಚಾವಿ ತರಲಿಕ್ಕೆ ಹೋದೆ. ಶಟರ್ ಅರ್ಧ ಎಳೆದಿತ್ತು. ಒಳಗೆ ಎಲ್ಲ ಕುರ್ಚಿ ಮೇಜಿನ ಮೇಲೆ ಕವುಚಿ ಹಾಕಿದ್ದಾರೆ. ನಡುವೆ ನೆಲದ ಮೇಲೆ ಅವ ಕೂತಿದ್ದಾನೆ. ಎದುರಿಗೆ ಇದು. ಎರಡು ತಟ್ಟೆ. ಲೋಟ ಬೋರಲು ಹಾಕಿ ನೆಲಕ್ಕೆ ಕುಟ್ಟುತ್ತಾನೆ. ಟಕ್ ಟಕ್. ಆಮೇಲೆ ಸ್ವಲ್ಪ ಬಿಟ್ಟು ಇನ್ನೊಂದು, ಟಕ್. ಆಗ ಇದು ತಿನ್ನಲಿಕ್ಕೆ ಸುರು. ನಾನು ಚಾವಿ ತಕ್ಕೊಳ್ಳದೆ ವಾಪಸು ಬಂದೆ."

ಬಾಗಿಲಲ್ಲಿ ಬಂದು ನಿಂತಿದ್ದ ಸೌಮ್ಯಾ ಗೋಡೆಯ ಕಡೆ ಮುಖ ಮಾಡಿದ್ದಳು.

"ಸೌಮ್ಯಾ, ಈ ದೂಜನ್ನ ನೀ ಎಂದಾರ ನೋಡಿದ್ದೇನು?"

"ಇಲ್ಲ ರಿ, ಕಾಕೂ. ಹೆಸರೂ ಈಗಲೇ ಕೇಳಿದ್ದು."

"ಈಗ ಎಲ್ಲಿದಾನ ಅವ?" ದಾನವ್ವ ಸುಕೇಶನ ಕಡೆ ತಿರುಗಿದಳು.

"ತೀರಿಕೊಂಡ. ಕಳೆದ ತಿಂಗಳು. ಹುಷಾರಿಲ್ಲ ಅಂತ ಊರಿಗೆ ಕಳಿಸಿದ್ದೆ, ಅಲ್ಲೇ ಹೋದ. ಇದನ್ನು ನಾನೆಂತ ಮಾಡುವುದು? ಇಟ್ಟುಕೊಂಡರೆ ಕೇಸು. ಬೀದಿಗೆ ಬಿಟ್ಟರೆ ಪಾಪ. ಮಗಳು ಶಾಲೆಯಿಂದ ಇಲ್ಲಿಗೆ ಬರುವ ವಿಷಯ ಹೇಳಿದಳು. ಇದರ ಜಾತಿಯವು ಇಲ್ಲಿದ್ದಾವೆ, ಜೊತೆ ಸಿಕ್ತದೆ ಅಂತ ತಂದು ಬಿಟ್ಟೆ. ರೋಗ ಉಂಟು ಅಂತ ನನಗೆ ಗೊತ್ತಿರಲಿಲ್ಲ. ದೇವರಾಣೆ."

ಮಾಧುರಿಗೆ ದಾನವ್ವ ಅಷ್ಟನ್ನೂ ಮರಾಠಿಯಲ್ಲಿ ಹೇಳಿದಳು. ಮಾಧುರಿಯ ಕಣ್ಣಲ್ಲಿ ನೀರು ಬಂತು. ಸಿಟ್ಟೋ ಮರುಕವೋ ಅವಳಿಗೇ ತಿಳಿಯಲಿಲ್ಲ. "ಎರಡು ಸತ್ತವು," ಎಂದಷ್ಟೇ ಅಂದು, ಬಿಳಿ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು. "ಇವರು ಬರೆದು ಸಹಿ ಹಾಕಲಿ. ಟೀಚರ್ ಹೆಸರು ತೆಗೆಸುತ್ತೇನೆ."

ಸುಕೇಶ್ ಬರೆಯತೊಡಗಿದ. ಸೌಮ್ಯಾ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ದಾನವ್ವನಿಗೆ ಹಳೆಯ ಅಭ್ಯಾಸ. ತಪ್ಪೊಪ್ಪಿಕೊಂಡವನನ್ನು ಕಂಡರೆ ಅವಳು ಇನ್ನೊಂದು ಪ್ರಶ್ನೆ ಕೇಳುತ್ತಾಳೆ.

"ಇದನ್ನ ಡಬ್ಬಿಯೊಳಗ ಹೆಂಗ ಇಟ್ರಿ?"

"ಬಟ್ಟೆಯಲ್ಲಿ ಹಿಡಿದು. ನನಗೆ ಹೆದರಿಕೆ ಅದನ್ನು ಮುಟ್ಟಲಿಕ್ಕೆ. ಹೋಟೆಲಲ್ಲಿ ದೂಜನ ಬಿಟ್ರೆ ಯಾರೂ ಮುಟ್ಟುವುದಿಲ್ಲ."

ದಾನವ್ವ ಮಾಧುರಿಯ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು. "ಸಿಕ್ಕ ದಿನ ಇದರ ಚಿಪ್ಪು ಹೇಗಿತ್ತು?"

"ಹೊಳೆಯುತ್ತಿತ್ತು, ಮಾವಶಿ. ಕೊಬ್ಬರಿ ಎಣ್ಣೆ ಹಚ್ಚಿದ್ದರು. ಕೈಗೆ ಅಂಟುವಷ್ಟು. ನಾನೇ ಉಜ್ಜಿ ತೊಳೆದೆ."

"ತಿಂಗಳ ಹಿಂದಿನ ಎಣ್ಣೆಯಾ?"

"ಛೇ. ಹಿಂದಿನ ದಿನದ್ದು. ಇಲ್ಲಾ ಅವತ್ತೇ ಬೆಳಿಗ್ಗೆದು."

ಸುಕೇಶನಿಗೆ ಮರಾಠಿ ಬರುತ್ತಿತ್ತು. ಅವನ ಪೆನ್ನು ನಿಂತಿತು.

"ಸತ್ತಾವ ಬಂದು ಎಣ್ಣಿ ಹಚ್ಚಿ ಹೋದನೇನ್ರಿ?" ಎಂದಳು ದಾನವ್ವ. ದನಿ ಏರಿಸಲಿಲ್ಲ. "ಊರಾಗ ಅವನ ಮಣ್ಣಿಗೆ ನೀವು ಹೋಗಿದ್ರೇನು?"

"ಹೋಗಿದ್ದೆ. ಅಂದ್ರೆ, ಫೋನು ಬಂತು."

"ಯಾರ ಫೋನು? ಯಾರೂ ಇಲ್ಲದಾವಗ ಫೋನ್ ಮಾಡಾವರು ಯಾರು?"

"ಅಕ್ಕ, ನಿಮಗೆ ಬೇಕಾದ್ದು ಟೀಚರ್ ಬಿಡುಗಡೆ ಅಲ್ವಾ? ನಾನು ಸಹಿ ಹಾಕ್ತೇನೆ. ನನ್ನ ಮೇಲೆ ಕೇಸು ಆಗಲಿ. ದೂಜನ ವಿಷಯ ಬಿಡಿ." ಅವನು ಕೈ ಮುಗಿದ. ಆ ಕೈಗಳಲ್ಲಿ ಬೇಡಿಕೆಗಿಂತ ಭಯ ಹೆಚ್ಚಿತ್ತು. ಆಮೇಲೆ ಪೆನ್ನನ್ನು ಹಾಳೆಯ ಕೊನೆಗೆ ತಂದು ಊರಿದ.

ಆಗ ಆಮೆ ತಲೆ ಎತ್ತಿತು.

ಇಡ್ಲಿಯ ಕಡೆಗಲ್ಲ, ಡಬ್ಬಿಯ ಕಡೆಗೂ ಅಲ್ಲ. ಶೆಡ್ಡಿನ ಹಿಂಗೋಡೆಯ ಕಡೆಗೆ. ಆ ಗೋಡೆಯಾಚೆ ಆಮೆಧಾಮ ಮುಗಿದು ಕಾಡು ಸುರುವಾಗುತ್ತದೆ.

ಟಕ್ ಟಕ್.

ಮಾಧುರಿ ಸುತ್ತ ನೋಡಿದಳು. ಯಾರ ಕೈಯಲ್ಲೂ ಏನೂ ಇರಲಿಲ್ಲ.

ಟಕ್.

ಇಷ್ಟು ದಿನ ಮೂಲೆ ಹಿಡಿದಿದ್ದ ಪ್ರಾಣಿ ಓಡಿತು. ಆಮೆಯ ಓಟವೂ ಓಟವೇ ಎಂದು ಅದನ್ನು ಕಂಡವರಿಗೆ ಗೊತ್ತು. ಚಿಪ್ಪು ಅತ್ತಿತ್ತ ಹೊಯ್ದಾಡುತ್ತಾ, ಉಗುರು ಸಿಮೆಂಟಿಗೆ ಗೀರುತ್ತಾ ಹೋಗಿ ಹಿಂಗೋಡೆಗೆ ತಲೆ ಒತ್ತಿ ನಿಂತಿತು.

ಸ್ಟೂಲು ಬಿದ್ದ ಸದ್ದಾಯಿತು. ಸುಕೇಶ್ ಎದ್ದುಬಿಟ್ಟಿದ್ದ. ಅವನು ಸದ್ದು ಬಂದ ಕಡೆಗೆ ಹೋಗಲಿಲ್ಲ. ಸೌಮ್ಯಾಳನ್ನು ತಳ್ಳಿಕೊಂಡು ಬಾಗಿಲು ದಾಟಿ, ಗೇಟಿನ ಕಡೆಗೆ ಓಡಿದ. ಬಿಳಿ ಶರ್ಟು ಮುತ್ತುಗದ ಮರದ ಆಚೆ ಮರೆಯಾಯಿತು.

ಹಾಳೆಯ ಮೇಲೆ ಸಹಿಯ ಜಾಗದಲ್ಲಿ ಒಂದು ಚುಕ್ಕೆ ಮಾತ್ರ ಬಿದ್ದಿತ್ತು.

"ಅವನನ್ನು ಬಿಡು," ಎಂದು ದಾನವ್ವ ಮಾಧುರಿಗೆ ಕೂಗಿ ಹೇಳಿ, ಹಿಂದಿನ ಸಣ್ಣ ಬಾಗಿಲ ಅಗಳಿ ತೆಗೆದಳು. ಮೊಣಕಾಲಿನ ನೋವು ಮರೆತಿತ್ತು.

ಹೊರಗೆ ಯಾರೂ ಇರಲಿಲ್ಲ. ತೇಗದ ಒಣ ಎಲೆ, ಅದರಾಚೆ ಬತ್ತಿದ ಹೊಳೆಯ ಕಲ್ಲುಗಳು. ಐದಾಗುತ್ತಾ ಬಂದಿತ್ತು. ದೂರದಲ್ಲೊಂದು ಲೋಕಲ್ ರೈಲು ಹೋದ ಸದ್ದು ಬಂದು ಅಡಗಿತು. ಎಲೆಗಳ ಮೇಲೆ ಯಾರೋ ಓಡಿದ ಸರಸರ ಇನ್ನೂ ಕೇಳುತ್ತಿದ್ದಂತಿತ್ತು, ಇಲ್ಲದಂತೆಯೂ ಇತ್ತು.

ಗೋಡೆಯ ಬುಡದ ಕಲ್ಲಿನ ಮೇಲೆ ಒಂದು ಸಣ್ಣ ಸ್ಟೀಲ್ ಲೋಟ ಬೋರಲಾಗಿತ್ತು. ಪಕ್ಕದಲ್ಲಿ ಎಲೆಯ ಮೇಲೆ ಅರ್ಧ ಇಡ್ಲಿ. ಇನ್ನರ್ಧವನ್ನು ತಿಂದವರು ಮನುಷ್ಯರು. ಹಲ್ಲಿನ ಗುರುತಿತ್ತು.

ಎರಡು ತಟ್ಟೆ, ಎಂದಿದ್ದ ಸುಕೇಶ್. ಒಬ್ಬನಿಗೆ, ಒಂದಕ್ಕೆ.

ದಾನವ್ವ ಲೋಟವನ್ನು ಸೆರಗಿನಿಂದ ಎತ್ತಿದಳು. ಮಕ್ಕಳು ಹಾಲು ಕುಡಿಯುವ ಲೋಟ. ಹಳೆಯದು. ಅಂಚಿನ ಕೆಳಗೆ, ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಹೊಡೆದುಕೊಡುವ ಅಕ್ಷರಗಳು. ನಾಮಕರಣಕ್ಕೆ ಉಡುಗೊರೆ ಕೊಡುವವರು ಹೊಡೆಸುತ್ತಾರಲ್ಲ, ಹಾಗೆ. ಬಿಸಿಲಿಗೆ ಹಿಡಿದು ಓದಿದಳು.

ಚಿ. ಸೌಮ್ಯಾ.

ಮುಂಬಯಿಯಲ್ಲಿ ಸೌಮ್ಯಾ ಎಂಬ ಹೆಸರಿನವರು ಎಷ್ಟಿಲ್ಲ, ಎಂದುಕೊಂಡಳು ದಾನವ್ವ. ಅಂದುಕೊಂಡದ್ದನ್ನು ಸ್ವತಃ ನಂಬಲಿಲ್ಲ. ಒಳಗೆ ಬಂದಾಗ ಹೆಸರಿನ ಮೇಲೆ ಸೆರಗಿನ ಮಡಿಕೆ ಬರುವಂತೆ ಲೋಟವನ್ನು ಹಿಡಿದುಕೊಂಡಿದ್ದಳು.

ಸೌಮ್ಯಾ ಶೆಡ್ಡಿನ ನಡುವೆ ನಿಂತಿದ್ದಳು. ಓಡಿಹೋದ ಸುಕೇಶನ ಕಡೆಗೂ ನೋಡುತ್ತಿರಲಿಲ್ಲ, ತನ್ನನ್ನು ಉಳಿಸಬೇಕಿದ್ದ ಹಾಳೆಯ ಕಡೆಗೂ ನೋಡುತ್ತಿರಲಿಲ್ಲ. ಗೋಡೆಗೆ ತಲೆ ಒತ್ತಿ ನಿಂತ ಆಮೆಯನ್ನೇ ನೋಡುತ್ತಿದ್ದಳು.

"ಯಾರೋ ಲೋಟ ಬಿಟ್ಟು ಹೋಗ್ಯಾರವ್ವ," ಎಂದಳು ದಾನವ್ವ ಸಹಜವಾಗಿ. "ಯಾರದೋ ಏನೋ."

ಸೌಮ್ಯಾ ಲೋಟದ ಕಡೆ ತಿರುಗಿದಳು. ಕೈ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಕಾಕೂ," ಎಂದಳು ಬಹಳ ಮೆಲ್ಲಗೆ, "ಅದರ ಆ ಕಡೆ ಒಂದು ನೆಗ್ಗು ಐತೇನ್ರಿ? ಸಣ್ಣಾಕಿದ್ದಾಗ ನಾ ಕೆಡವಿದ್ದು."

ದಾನವ್ವ ಲೋಟವನ್ನು ತಿರುಗಿಸಿದಳು. ಅಂಗೈ ಮರೆಯಲ್ಲಿದ್ದ ಕಡೆ, ಹೆಬ್ಬೆರಳು ಕೂರುವಷ್ಟು ಆಳದ ನೆಗ್ಗಿತ್ತು.

ಗೇಟಿನ ಹೊರಗೆ ಇಲಾಖೆಯ ಜೀಪು ಬಂದು ನಿಂತು ಹಾರ್ನ್ ಹೊಡೆಯಿತು.